ಎಡ ದವಡೆಯ ಎರಡು ಸ್ಕ್ರೂ

ಬಸವೇಶ್ವರನಗರ
೮ ಡಿಸೆಂಬರ್ ೨೦೨೪, ಭಾನುವಾರ

ಚಿರಂಜೀವಿ ರಾಗಿಣಿಗೆ,

ಎದುರು ಮನೆಯ ಗುರುಬಸಪ್ಪ ಅಂಕಲ್ ಮಾಡುವ ಆಶೀರ್ವಾದಗಳು. ನಾನು ಕ್ಷೇಮವೋ ಅಲ್ಲವೋ ಅನ್ನುವುದು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ನನ್ನ ದವಡೆಯ ಎಕ್ಸ್‌ರೇ ನಿನ್ನ ಕಂಪ್ಯೂಟರಿನಲ್ಲಿದೆ.

ನಮ್ಮ ಗೇಟಿಗೂ ನಿಮ್ಮ ಗೇಟಿಗೂ ನಡುವೆ ಒಂದು ಆಟೋ ಅಡ್ಡ ನಿಂತರೆ ಮುಚ್ಚಿಹೋಗುವಷ್ಟು ದಾರಿ. ಇಷ್ಟು ಹತ್ತಿರದ ಹುಡುಗಿಗೆ ಈ ಮುದುಕ ಯಾಕೆ ಕಾಗದ ಬರೆದ ಅಂತ ನಿನಗೆ ಅನ್ನಿಸಬಹುದು. ಎದುರಿಗೇ ಹೇಳೋಣ ಅಂತ ಎಷ್ಟೋ ಸಲ ನೋಡಿದೆ. ವಿಜಯನಗರದ ನಿನ್ನ ಹಲ್ಲಿನ ಕ್ಲಿನಿಕ್ಕಿಗೆ ಬಂದರೆ ನೀನು ಮೊದಲು ಬಾಯಿ ತೆಗೆಸುತ್ತೀ, ಆ ನೀರು ಎಳೆಯುವ ಕೊಳವೆಯನ್ನು ತುಟಿಗೆ ಸಿಕ್ಕಿಸುತ್ತೀ, ಆಮೇಲೆ ಪ್ರಶ್ನೆ ಕೇಳುತ್ತೀ. ಹಾಗೆ ಮಲಗಿದವನು ಹೂಂ, ಊಹೂಂ ಬಿಟ್ಟು ಬೇರೇನು ಹೇಳಿಯಾನು? ಮನೆಗೆ ಬಂದರೆ ನಿಮ್ಮಮ್ಮ ಪ್ರಭಾ ಕಾಫಿ ಹಿಡಿದು ನಿಂತಿರುತ್ತಾರೆ, ನಿಮ್ಮಪ್ಪ ಸೇತುರಾಮ ಪೇಪರಿನಲ್ಲಿ ಬಂದದ್ದನ್ನೆಲ್ಲ ಓದಿ ಹೇಳುತ್ತಿರುತ್ತಾರೆ. ನನ್ನ ಮಾತಿಗೆ ಜಾಗ ಸಿಗಲಿಲ್ಲ. ಜಾಗ ಸಿಗದೇ ಇದ್ದದ್ದಕ್ಕೆ ಒಳಗೊಳಗೇ ಸಮಾಧಾನವೂ ಆಯಿತು.

ದಾವಣಗೆರೆ ಕಾಲೇಜಿನಲ್ಲಿ ನಮಗೆ ಇಂಗ್ಲಿಷ್ ಹೇಳುತ್ತಿದ್ದ ನಾರಾಯಣಪ್ಪ ಮೇಷ್ಟ್ರು ಲೆಟರ್ ರೈಟಿಂಗ್ ಕಲಿಸುವಾಗ ಮೇಜು ಕುಟ್ಟಿ, ಡೋಂಟ್ ಬೀಟ್ ದಿ ಬುಷ್ ಅನ್ನುತ್ತಿದ್ದರು. ಅದರ ಮಧ್ಯೆ ಇನ್ನೊಂದು ಪದ ಇತ್ತು, ಈಗ ನೆನಪಿಗೆ ಬರುತ್ತಿಲ್ಲ. ಒಟ್ಟಿನಲ್ಲಿ ವಿಷಯಕ್ಕೆ ಬಾ ಅಂತ ಅರ್ಥ. ಬರುತ್ತೇನೆ.

ನಾನು ಸಿಗರೇಟು ಬಿಟ್ಟಿಲ್ಲ.

ನೀನು ಕೇಳಿದಾಗಲೆಲ್ಲ ಐ ಹ್ಯಾವ್ ಗಿವನ್ ಅಪ್ ಅಂದೆನಲ್ಲ, ಸುಳ್ಳನ್ನು ಇಂಗ್ಲಿಷಿನಲ್ಲಿ ಹೇಳಿದರೆ ನನಗೆ ಅಷ್ಟು ಚುಚ್ಚುವುದಿಲ್ಲ. ಕನ್ನಡದಲ್ಲಿ ಹೇಳಬೇಕಾಗಿ ಬಂದಿದ್ದರೆ ಸಿಕ್ಕಿಬೀಳುತ್ತಿದ್ದೆ. ಬಿಟ್ಟಿಲ್ಲ ಅಂದರೆ ಕಡಿಮೆಯನ್ನೂ ಮಾಡಿಲ್ಲ. ನೀನು ಹೊಸ ಹಲ್ಲಿಗಾಗಿ ದವಡೆಗೆ ಸ್ಕ್ರೂ ಹಾಕಿ ಕಳಿಸಿದ ದಿನ ಸಂಜೆ, ತುಟಿಗೆ ಇನ್ನೂ ಸ್ಪರ್ಶವೇ ಬಂದಿರಲಿಲ್ಲ, ಸೇದಿದೆ. ಎಲ್ಲಿ ಇಟ್ಟುಕೊಂಡೆ ಅನ್ನುವುದೂ ತಿಳಿಯದೆ ಕನ್ನಡಿ ನೋಡಿಕೊಂಡು ಹಚ್ಚಿದೆ.

ಇಷ್ಟನ್ನು ನಾನು ನನ್ನಷ್ಟಕ್ಕೆ ಮುಚ್ಚಿಟ್ಟುಕೊಂಡು ಹೋಗಿಬಿಡುತ್ತಿದ್ದೆನೋ ಏನೋ. ನಿನ್ನೆ ಬೆಳಿಗ್ಗೆ ಪಾರ್ಕಿನಲ್ಲಿ ನಿಮ್ಮಪ್ಪ ಒಂದು ಸುತ್ತು ಮುಗಿಯುವ ಮೊದಲೇ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟರು. "ಗುರುಬಸಪ್ಪನೋರೆ, ಮಗಳು ಸರಿಯಾಗಿ ಊಟಾನೇ ಮಾಡ್ತಿಲ್ಲ ಕಣ್ರೀ" ಅಂದರು. ಯಾಕೆ ಅಂತ ಕೇಳಿದೆ. "ನಿಮ್ಮ ಹಲ್ಲಿಂದೇ ಚಿಂತೆ. ಒಂದು ಹೋಯ್ತು, ಇನ್ನೊಂದೂ ಹೋಗೋ ಹಾಗಿದೆಯಂತೆ. ‘ನನ್ನ ಕೈಯಲ್ಲೇ ಏನೋ ಸರಿ ಇಲ್ಲ ಅಪ್ಪ, ಮಂಗಳವಾರ ಅದೂ ಕಿತ್ತು ಬಂದುಬಿಟ್ರೆ ಇನ್ಮೇಲೆ ಇಂಪ್ಲಾಂಟ್ ಮುಟ್ಟೋದಿಲ್ಲ, ಬಂದೋರನ್ನ ಬೇರೆ ಡಾಕ್ಟ್ರ ಹತ್ರ ಕಳಿಸ್ತೀನಿ’ ಅಂತಾಳೆ" ಅಂದರು. ನಾನು ಶೂ ಲೇಸು ಕಟ್ಟಿಕೊಳ್ಳುವವನ ಹಾಗೆ ಕೆಳಗೆ ಬಗ್ಗಿದೆ. ನಾನು ಹಾಕಿಕೊಂಡಿದ್ದದ್ದು ಚಪ್ಪಲಿ. ನಿಮ್ಮಪ್ಪ ಗಮನಿಸಲಿಲ್ಲ.

ನಿನ್ನ ಕೈ ಸರಿಯಾಗಿದೆ ಮಗಳೇ. ಹೊಸ ಕ್ಲಿನಿಕ್ಕಿನಲ್ಲಿ ನೀನು ಹಾಕಿದ ಮೊದಲ ಇಂಪ್ಲಾಂಟ್ ನನ್ನ ಬಾಯಲ್ಲಿದ್ದದ್ದು, ಅದೇ ಕೆಟ್ಟದ್ದು. ಆದರೆ ನೀನು ಕೂರಿಸಿದ ರೀತಿಯಲ್ಲಿ ತಪ್ಪಿರಲಿಲ್ಲ. ಕೂರಿಸುವ ಕೆಲಸ ನನಗೂ ಗೊತ್ತು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನಾನು ಸರ್ವೀಸ್ ಪೂರ್ತಿ ಮಾಡಿದ್ದು ಅದನ್ನೇ. ನೆಲದಲ್ಲಿ ಗುಂಡಿ ತೆಗೆದು, ಬೋಲ್ಟ್ ಇಳಿಸಿ, ಸುತ್ತ ಕಾಂಕ್ರೀಟ್ ತುಂಬಿ, ಅದು ಬೋಲ್ಟನ್ನು ಕಚ್ಚಿಕೊಳ್ಳುವ ತನಕ ಕಾಯಬೇಕು. ಆಮೇಲೆ ಅದರ ಮೇಲೆ ಮೆಷಿನ್. ಆಷಾಢದಲ್ಲಿ ನೀನು ಆ ಪ್ಲಾಸ್ಟಿಕ್ ದವಡೆ ಹಿಡಿದು ತೋರಿಸಿದಾಗ, ಇದು ನಮ್ಮ ಫೌಂಡೇಶನ್ ಬೋಲ್ಟೇ ಕಣಮ್ಮ ಅಂದಿದ್ದೆ. "ಹೌದು ಅಂಕಲ್, ಇಲ್ಲಿ ಕಾಂಕ್ರೀಟ್ ಅಂದ್ರೆ ನಿಮ್ಮ ಮೂಳೆ. ಅದು ಸ್ಕ್ರೂನ ಹಿಡ್ಕೊಳ್ಳೋ ತನಕ ನೀವು ಸುಮ್ಮನಿರಬೇಕು, ಸಿಗರೇಟು ಪೂರ್ತಿ ಬಂದ್" ಅಂತ ನೀನು ನಕ್ಕೆ. ಅದಕ್ಕೊಂದು ಉದ್ದ ಹೆಸರು ಹೇಳಿದೆ, ಆಸ್ಟಿಯೋ ಅಂತ ಶುರುವಾಗಿ ಎಲ್ಲೋ ಹೋಗಿ ನಿಲ್ಲುತ್ತದೆ.

ನನ್ನ ತಲೆಗೆ ಹೊಳೆದದ್ದು ಗೋಣಿಚೀಲ. ಹಸಿ ಕಾಂಕ್ರೀಟಿನ ಮೇಲೆ ಎಣ್ಣೆ ಬಿದ್ದರೆ ಕೆಡುತ್ತದೆ ಅಂತ ನಾವು ಅದಕ್ಕೆ ಗೋಣಿಚೀಲ ಹೊದಿಸುತ್ತಿದ್ದೆವು. ಸ್ಕ್ರೂ ಇರುವುದು ಎಡ ದವಡೆಯಲ್ಲಿ ತಾನೇ? ಎಡ ಕೆನ್ನೆಯೊಳಗೆ ಹತ್ತಿ ಉಂಡೆ ಇಟ್ಟುಕೊಂಡೆ. ಬಲ ತುಟಿಯ ಮೂಲೆಯಿಂದ ಎಳೆದೆ, ಬಲಕ್ಕೇ ಬಿಟ್ಟೆ. ಗಾಳಿ ಆ ಕಡೆಯಿಂದ ಬೀಸಿದ ಸಂಜೆ ತಿರುಗಿ ನಿಂತುಕೊಂಡೆ. ಹೊಗೆ ತಾಗದಿದ್ದರೆ ಸರಿ, ಕಾಂಕ್ರೀಟ್ ಗಟ್ಟಿಯಾಗುತ್ತದೆ ಅಂತ ನಂಬಿದ್ದೆ. ನಗಬೇಡ. ಆ ಹತ್ತಿಯನ್ನು ನಾನು ಡೆಟ್ಟಾಲಿನಲ್ಲಿ ಕೈತೊಳೆದು ಇಡುತ್ತಿದ್ದೆ.

ಉಳಿದದ್ದರಲ್ಲಿ ನೀನು ಹೇಳಿದ್ದನ್ನು ಒಂದೂ ತಪ್ಪಿಸಿಲ್ಲ. ಮೆತ್ತನೆ ಬ್ರಶ್ಶು, ಸಂದಿಗೆ ಹಾಕುವ ಆ ಬಾಟಲಿ ತೊಳೆಯುವಂಥ ಪುಟ್ಟ ಬ್ರಶ್ಶು, ಉಗುರುಬೆಚ್ಚಗಿನ ಉಪ್ಪುನೀರು, ನೀನು ಬರೆದುಕೊಟ್ಟ ಕೆಂಪು ಔಷಧಿ. ಕ್ಲೀನ್ ಮಾಡಿಸಿಕೊಳ್ಳಲು ಕರೆದಾಗೆಲ್ಲ ಬಂದೆ. "ಇಷ್ಟು ಚೆನ್ನಾಗಿ ಇಟ್ಕೊಂಡಿರೋ ಪೇಷೆಂಟೇ ಇಲ್ಲ ಅಂಕಲ್" ಅಂತ ನೀನು ಹೊಗಳಿದಾಗ ಖುಷಿಯಾಗಿತ್ತು. ಒಸಡಿನಲ್ಲಿ ಒಂದು ಹನಿ ರಕ್ತ ಬರುತ್ತಿರಲಿಲ್ಲ. ಅದು ನನ್ನ ಹೆಮ್ಮೆ.

ದಸರಾ ಕಳೆದ ಮೇಲೆ ಮೊದಲನೆಯ ಸ್ಕ್ರೂ ಇಡ್ಲಿ ತಿನ್ನುವಾಗಲೇ ಅಲ್ಲಾಡಿತು. ನೀನು ಅದನ್ನು ಬೆರಳಿನಲ್ಲಿ ಹಿಡಿದು ತಿರುಗಿಸಿದೆ, ಬಂದೇಬಿಟ್ಟಿತು. ನನಗೆ ನೋವಾಗಲಿಲ್ಲ. ನಿನ್ನ ಮುಖ ನೋಡಿದೆ, ಆಗ ನೋವಾಯಿತು. ಗಟ್ಟಿ ಪದಾರ್ಥ ಏನಾದರೂ ಕಡಿದಿರಾ ಅಂತ ನೀನು ಕೇಳಿದೆ. ಇಲ್ಲ ಅಂದೆ. ಅದು ದೇವರಾಣೆ ನಿಜ. ಗಟ್ಟಿ ಪದಾರ್ಥದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹೋದ ವಾರ ಎರಡನೆಯದರ ಎಕ್ಸ್‌ರೇ ತೆಗೆದೆಯಲ್ಲ, ಸ್ಕ್ರೂ ಸುತ್ತ ಕಪ್ಪು ಗೆರೆ ಬಂದದ್ದು. ಅವತ್ತು ನನ್ನನ್ನು ಕೂರಿಸಿ ನೀನು ಪರದೆಯ ಆಚೆ ಕುರ್ಚಿಯಲ್ಲಿದ್ದ ಹುಡುಗನ ಹತ್ತಿರ ಹೋದೆ. ಅವನು "ಮೇಡಮ್, ದಿನಕ್ಕೆ ಒಂದೇ ಒಂದು, ಟೀ ಜೊತೆ. ಬಾಯಿ ತೊಳ್ಕೊಂಡ್ಬಿಡ್ತೀನಿ" ಅನ್ನುತ್ತಿದ್ದ. ನೀನು ಹೇಳಿದ್ದು ನನಗೆ ಬಾಯಿಪಾಠವಾಗಿದೆ. "ಬಾಯಿ ತೊಳೆದ್ರೆ ವಾಸನೆ ಹೋಗುತ್ತೆ, ನಿಕೋಟಿನ್ ಹೋಗಲ್ಲಪ್ಪ. ಅದು ರಕ್ತಕ್ಕೆ ಸೇರುತ್ತೆ. ಒಸಡಿನ ಸಣ್ಣ ಸಣ್ಣ ನಾಳ ಎಲ್ಲಾ ಮುದುರಿಕೊಳ್ಳುತ್ತೆ, ನಲ್ಲಿ ತಿರುಗಿಸಿ ಸಣ್ಣ ಮಾಡಿದ ಹಾಗೆ. ರಕ್ತ ಬರದೇ ಇದ್ರೆ ಮೂಳೆ ಯಾವುದರಿಂದ ಬೆಳೀಬೇಕು?" ಅವನು, ನನ್ನ ಒಸಡಲ್ಲಿ ರಕ್ತಾನೇ ಬರಲ್ಲ, ಸ್ಟ್ರಾಂಗ್ ಇದೆ ಮೇಡಮ್ ಅಂದ. ನೀನು ಅಂದೆ, "ಅದೇ ಮೋಸ. ಸೇದೋರ ಒಸಡು ಒಳಗೆ ಹಾಳಾಗ್ತಿದ್ರೂ ರಕ್ತ ತೋರಿಸಲ್ಲ. ಕೊನೆಗೆ ಅಲ್ಲಾಡೋವಾಗ್ಲೇ ಗೊತ್ತಾಗೋದು."

ನಾನು ಬಾಯಿ ತೆರೆದುಕೊಂಡೇ ಮಲಗಿದ್ದೆ. ನಾನು ಸೇದಿದ್ದು ರಕ್ತದ ಜೊತೆ ಎಡಕ್ಕೂ ಹೋಗುತ್ತಿತ್ತು, ಬಲಕ್ಕೂ ಹೋಗುತ್ತಿತ್ತು. ಹತ್ತಿ ಇಟ್ಟುಕೊಂಡು ಯಾರನ್ನು ಕಾದೆ? ಅದಾದ ಮೇಲಾದರೂ ಬಿಡಬೇಕಿತ್ತು. ಅವತ್ತು ಸಂಜೆ ಹತ್ತಿ ಇಟ್ಟುಕೊಳ್ಳಲಿಲ್ಲ, ಅಷ್ಟೇ.

ಯಾಕೆ ಬಿಡಲಿಲ್ಲ ಅನ್ನುವುದನ್ನು ಈಗ ಬರೆಯಬೇಕು. ಇದನ್ನು ಯಾರಿಗೂ ಹೇಳಿಲ್ಲ.

ನಿನ್ನ ಶಿವಗಂಗಾ ಆಂಟಿ ಮದುವೆಯಾಗಿ ಬಂದ ವಾರದಲ್ಲೇ, ಲಿಂಗಪೂಜೆ ಮಾಡುವ ಮನೆಯೊಳಗೆ ಹೊಗೆ ಬೇಡ ಅಂದುಬಿಟ್ಟಳು. ಇನ್ನು ಸೇದುವುದಿಲ್ಲ ಅಂತ ಲಿಂಗದ ಮೇಲೆ ಕೈಯಿಟ್ಟು ಹೇಳುತ್ತೇನೆ ಅಂತ ನಾನು ಜಂಬದಿಂದ ಹೊರಟಾಗ ತಡೆದಳು. "ಬ್ಯಾಡ ಬಿಡ್ರಿ. ಸುಳ್ಳಾಣಿ ಮಾಡಿಸಿದ ಪಾಪ ನನಗ್ಯಾಕ? ಸೇದೂದಾದ್ರ ಗೇಟಿನ ಹೊರಗ ನಿಂತು ಸೇದ್ರಿ." ಹಾಗೆ ಶುರುವಾಯಿತು. ಸಂಜೆ ಎಸ್ಟೇಟಿನಿಂದ ಬಂದವನು ಟಿಫಿನ್ ಡಬ್ಬಿ ಒಳಗಿಟ್ಟು ಹೊರಗೆ ಹೋಗಿ ಹಚ್ಚುತ್ತಿದ್ದೆ. ಅವಳು ಗೇಟಿನ ಒಳಗಡೆ, ಮೊರದಲ್ಲಿ ಅವರೆಕಾಯಿ ಇಟ್ಟುಕೊಂಡೋ, ಬತ್ತಿ ಹೊಸೆಯುತ್ತಲೋ ನಿಲ್ಲುತ್ತಿದ್ದಳು. ನಡುವೆ ಕಂಬಿ. ಅವತ್ತಿನ ಸಮಾಚಾರ ಅಲ್ಲೇ. ಪ್ರಭಾಗೆ ಸೊಂಟ ಹಿಡಿದದ್ದು, ನಲ್ಲಿ ನೀರು ಬಾರದ್ದು, ನೀನು ಸ್ಕೂಲಿನಿಂದ ಸೀದಾ ನಮ್ಮ ಅಡುಗೆಮನೆಗೆ ಬಂದು ಖಡಕ್ ರೊಟ್ಟಿ ಕಟುಕುಟು ತಿಂದು ಹೋದದ್ದು. ಮಕ್ಕಳಿಲ್ಲದ ಮನೆಯಲ್ಲಿ ಆ ಸದ್ದು ಅವಳಿಗೆ ಹಬ್ಬ. ಮಕ್ಕಳಿಗಾಗಿ ಡಾಕ್ಟರ ಹತ್ತಿರ ಹೋಗುವುದು ಇನ್ನು ಸಾಕು ಅಂತ ಅವಳು ಹೇಳಿದ್ದೂ ಆ ಗೇಟಿನಲ್ಲೇ. ಕೈಯಲ್ಲಿ ಸಿಗರೇಟು ಇದ್ದದ್ದಕ್ಕೆ ನನಗೆ ನೋಡಲು ಒಂದು ಕಡೆ ಸಿಕ್ಕಿತ್ತು.

ಸಿಗರೇಟು ಮುಗಿಯುತ್ತ ಬಂದಾಗ "ಆತೇನ್ರಿ?" ಅನ್ನುವಳು. ಕಂಬಿಯ ಮೂಲಕ ತಂಬಿಗೆ ನೀರು ಕೊಡುವಳು, ಬಾಯಿ ಮುಕ್ಕಳಿಸಿದ ಮೇಲೆ ಒಂದು ಲವಂಗ. ಆಮೇಲೆ ಒಳಗೆ ಪ್ರವೇಶ. ನಮ್ಮದು ಮನೆಯೊಳಗೆ ಹೆಚ್ಚು ಮಾತಿಲ್ಲದ ಸಂಸಾರ ರಾಗಿಣಿ. ಆಡಿದ್ದೆಲ್ಲ ಒಂದು ಸಿಗರೇಟು ಉರಿಯುವಷ್ಟು ಹೊತ್ತು, ಗೇಟಿನ ಆಚೆ ಈಚೆ.

ಮಾಘದಲ್ಲಿ ಅವಳು ಹೋದ ಮೇಲೂ ಸಂಜೆಯಾದರೆ ಕಾಲು ಅಲ್ಲಿಗೇ ಹೋಗುತ್ತದೆ. ಅವಳು ಬರುತ್ತಾಳೆ ಅಂತಲ್ಲ, ನನಗೆ ಅಷ್ಟು ಅರಳುಮರಳು ಇಲ್ಲ. ಆದರೆ ಆ ಹೊತ್ತಿನಲ್ಲಿ ಹೇಳಲು ನನ್ನ ಹತ್ತಿರ ಏನೋ ಇರುತ್ತದೆ. ಹೇಳುತ್ತೇನೆ. ಬಾಯಿ ಬಿಟ್ಟು ಅಲ್ಲ, ಒಳಗೇ.

ಸಿಗರೇಟಿಲ್ಲದೆ ನಿಂತು ನೋಡಿದೆ, ಅದನ್ನೂ ಬರೆಯುತ್ತೇನೆ. ಸಿಗರೇಟಿನ ಚಟ ಬಿಡಿಸಲು ನೀನು ಕೊಟ್ಟ ಜಗಿಯುವ ಗಮ್ ಬಾಯಿಗೆ ಹಾಕಿಕೊಂಡು ನಿಂತೆ. ದವಡೆ ಹಲ್ಲಿಲ್ಲದವನಿಗೆ ಜಗಿಯುವ ಔಷಧಿ ಕೊಟ್ಟೆಯಲ್ಲ ತಾಯಿ, ಮುಂದಿನ ಹಲ್ಲಿನಲ್ಲಿ ಮೊಲದ ಹಾಗೆ ಜಗಿದೆ. ಹತ್ತು ಹೆಜ್ಜೆ ಆಚೆ ನಾಯಿ ಹಿಡಿದು ಹೋಗುತ್ತಿದ್ದ ನಮ್ಮ ಬೀದಿಯ ಮೋಹನ್ ಕುಮಾರ್ ನಿಂತು, "ಯಾರಿಗೆ ಕಾಯ್ತಿದೀರಾ ಸಾರ್?" ಅಂದ. ಇಲ್ಲಪ್ಪ, ಸುಮ್ಮನೆ ಅಂದೆ. ಮಾರನೆಯ ದಿನ ಹಾಲಿನವಳು ಕೇಳಿದಳು. ಅದರ ಮಾರನೆಯ ದಿನ ನಿಮ್ಮಮ್ಮನೇ ಮಹಡಿಯಿಂದ, "ಯಾರಾದ್ರೂ ಬರೋರಿದಾರಾ?" ಅಂತ ಕೂಗಿದರು. ಸಿಗರೇಟು ಹಿಡಿದು ಗೇಟಿನಲ್ಲಿ ನಿಂತ ಗಂಡಸನ್ನು ಯಾರೂ ಏನೂ ಕೇಳುವುದಿಲ್ಲ. ಬರಿಗೈಯಲ್ಲಿ ನಿಂತರೆ ಅವನು ಯಾರಿಗೋ ಕಾಯುತ್ತಿರುವವನ ಹಾಗೆ ಕಾಣುತ್ತಾನೆ. ಯಾರಿಗೆ ಅಂತ ಕೇಳಿದರೆ ನಾನು ಏನು ಹೇಳಲಿ? ಪೇಪರ್ ಹಿಡಿದು ನಿಂತೆ, ಕತ್ತಲಲ್ಲಿ ಪೇಪರ್ ಓದುವವನಿಗೆ ಇನ್ನೂ ಕಷ್ಟ. ಹಚ್ಚದ ಸಿಗರೇಟು ಹಿಡಿದು ನಿಂತೆ. ದಾರಿಹೋಕನೊಬ್ಬ ಕರುಣೆಯಿಂದ ಲೈಟರ್ ಹಚ್ಚಿ ಮುಂದೆ ಹಿಡಿದ.

ನೀನು ಭರಮಪ್ಪನ ಅಂಗಡಿ ಮುಂದೆ ಸ್ಕೂಟರ್ ನಿಲ್ಲಿಸಿ ಅವನಿಗೆ ತಾಕೀತು ಮಾಡಿದ್ದೂ ಗೊತ್ತು. ನಮ್ಮ ಕಡೆಯವನು, ಮಾತಿಗೆ ಕಟ್ಟುಬಿದ್ದವನು. "ಡಾಕ್ಟ್ರಮ್ಮ ಒಂದು ಕಡ್ಡಿನೂ ಕೊಡಬ್ಯಾಡ ಅಂದಾರ್ರೀ ಸಾಹೇಬ್ರ. ಬೇಕಂದ್ರ ಶೇಂಗಾ ಚಿಕ್ಕಿ ತಗೊಳ್ರಿ" ಅಂದ. ಚಿಕ್ಕಿ ಕಡಿಯೋ ಹಲ್ಲಿದ್ದಿದ್ರೆ ಡಾಕ್ಟ್ರಮ್ಮ ನಿನ್ನ ಅಂಗಡಿಗೆ ಯಾಕೋ ಬರ್ತಿದ್ಲು ಅಂದೆ. ಅವನು ನಕ್ಕ, ಕೊಡಲಿಲ್ಲ. ಅಂದಿನಿಂದ ನಾನು ಬಸ್ಸು ಹತ್ತಿ ಹೆಗ್ಗನಹಳ್ಳಿಗೆ ಹೋಗಿ ತರುತ್ತೇನೆ. ಅಲ್ಲಿ ನನ್ನ ದವಡೆಯ ವಿಷಯ ಯಾರಿಗೂ ತಿಳಿಯದು. ನಿಮ್ಮಪ್ಪನಿಗೆ ಅದರ ಪಕ್ಕದ ಸುಂಕದಕಟ್ಟೆಯಲ್ಲಿ ಹಳೇ ಸ್ನೇಹಿತನೊಬ್ಬ ಕಾಯಿಲೆ ಬಿದ್ದಿದ್ದಾನೆ ಅಂತ ಹೇಳಿದ್ದೇನೆ. ಪಾಪ, ಅವರು ಆಗಾಗ ಅವನ ಆರೋಗ್ಯ ವಿಚಾರಿಸುತ್ತಾರೆ. ಈಗ ಅವನನ್ನು ಗುಣಪಡಿಸುವುದೋ ಏನು ಮಾಡುವುದೋ ತಿಳಿಯುತ್ತಿಲ್ಲ.

ಮಂಗಳವಾರ ನೀನು ಎರಡನೆಯದನ್ನು ತಟ್ಟಿ ನೋಡಬೇಕಲ್ಲವೇ, ಗಟ್ಟಿಯಿದ್ದರೆ ಮೇಲೆ ಹಲ್ಲು ಕೂರಿಸಬೇಕು ಅಂತ. ತಟ್ಟುವುದು ಬೇಡ. ಅಲ್ಲಾಡುತ್ತಿದೆ. ನಾಲಿಗೆಯಲ್ಲಿ ಮುಟ್ಟಿದರೆ ಗೊತ್ತಾಗುತ್ತದೆ, ಮುಟ್ಟಬಾರದು ಅಂದುಕೊಂಡರೂ ನಾಲಿಗೆ ಅಲ್ಲಿಗೇ ಹೋಗುತ್ತದೆ. ತೆಗೆದುಬಿಡು. ಮೂಳೆಪುಡಿ ತುಂಬಿ ಇನ್ನೊಮ್ಮೆ ನೋಡೋಣ ಅಂತ ಹೊರಡಬೇಡ. ಮೊದಲೇ ನೀನು ತೆಗೆದು ಹಾಕಿಕೊಳ್ಳುವ ಹಲ್ಲಿನ ಸೆಟ್ ಸಾಕಲ್ಲ ಅಂಕಲ್ ಅಂದಾಗ, ಬೇಡ, ನನಗೆ ಶೇಂಗಾ ಕಡಿಯಬೇಕು ಅಂತ ಹಟ ಹಿಡಿದವನು ನಾನು. ಶೇಂಗಾ ಅನ್ನುವುದೂ ಪೂರ್ತಿ ನಿಜವಲ್ಲ, ಇರಲಿ.

ಇಷ್ಟು ಬರೆದ ಮೇಲೆ ಇನ್ನು ಮುಂದೆ ಬಿಡುತ್ತೇನೆ ಅಂತ ಒಂದು ಸಾಲು ಬರೆಯಬೇಕು. ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ಅಷ್ಟರಲ್ಲಿ ಸಂಜೆಯಾಯಿತು, ಎದ್ದು ಹೊರಗೆ ಹೋದೆ, ಬಂದು ಕೂತಿದ್ದೇನೆ. ಆ ಸಾಲನ್ನು ಬರೆಯಲಾರೆ. ಇನ್ನೊಂದು ಸುಳ್ಳಾಣೆ ಅವಳಿಗೂ ಬೇಕಿರಲಿಲ್ಲ, ನಿನಗೂ ಬೇಡ.

ನಿನ್ನ ಹತ್ತಿರ ಬೇಡಿಕೊಳ್ಳುವುದು ಒಂದೇ. ಆ ಕೆಲಸ ಬಿಡಬೇಡ. ನನ್ನ ಎಕ್ಸ್‌ರೇ ಎರಡನ್ನೂ ದೊಡ್ಡದು ಮಾಡಿ ಗೋಡೆಗೆ ಹಾಕು. ಪರದೆಯಾಚೆಯ ಹುಡುಗನಂಥವರು ಬಂದರೆ ತೋರಿಸು. ಈ ಮುದುಕ ಬ್ರಶ್ಶು, ಉಪ್ಪುನೀರು, ಔಷಧಿ ಎಲ್ಲ ಸರಿಯಾಗಿ ಮಾಡಿದ, ಒಂದು ಮಾಡಲಿಲ್ಲ, ನೋಡಿ ಅನ್ನು. ಹೆಸರು ಹೇಳಿದರೂ ನನಗೆ ಬೇಸರವಿಲ್ಲ. ಅಪ್ಪನಿಗೆ ಮಾತ್ರ ಸುಂಕದಕಟ್ಟೆಯ ಸ್ನೇಹಿತನ ವಿಷಯ ನಾನೇ ಹೇಳುತ್ತೇನೆ, ಸ್ವಲ್ಪ ಸಮಯ ಕೊಡು. ಇವತ್ತು ರಾತ್ರಿ ಊಟ ಮಾಡು.

ಕೊನೆಗೆ ಯುವರ್ಸ್ ಒಬೀಡಿಯಂಟ್ಲಿ ಅಂತ ಬರೆಯಬೇಕು ಅಂತ ಮೇಷ್ಟ್ರು ಹೇಳಿಕೊಟ್ಟಿದ್ದರು. ಮಾತು ಕೇಳುವವನು ಅಂತ ಅದರ ಅರ್ಥ. ಬರೆಯದೆ ಬಿಟ್ಟಿದ್ದೇನೆ.

ಇತಿ,
ನಿನ್ನ ಮೊದಲನೆಯ ಪೇಷೆಂಟ್,
ಗುರುಬಸಪ್ಪ

ಮರೆತ ಮಾತು: ಈ ಕಾಗದದ ಜೊತೆ ಒಂದು ಸ್ಟೀಲ್ ಡಬ್ಬಿ ಇದೆ, ನೋಡಿರುತ್ತೀ. ಅದರಲ್ಲಿ ಖಡಕ್ ರೊಟ್ಟಿ ಇವೆ. ಸಂಕ್ರಾಂತಿ ಕಳೆದ ಮೇಲೆ ನಿಮ್ಮ ಆಂಟಿ ತಟ್ಟಿ, ಕೆಂಡದ ಮುಂದೆ ನಿಲ್ಲಿಸಿದ ಹಾಗೆ ಒಲೆ ಬದಿ ಒಣಗಿಸಿ, ಬಟ್ಟೆಯಲ್ಲಿ ಸುತ್ತಿಟ್ಟವು. ಅವಳ ಕೈಯ ಕೊನೆಯ ರೊಟ್ಟಿ. ಅವಳು ಹೋಗುವ ಹೊತ್ತಿಗೆ ನನ್ನ ದವಡೆ ಹಲ್ಲುಗಳು ಕಡಿಯುವಂತಿರಲಿಲ್ಲ. ಮಜ್ಜಿಗೆಯಲ್ಲಿ ನೆನೆಸಿ ತಿನ್ನಬಹುದಿತ್ತು. ನೆನೆಸಿದರೆ ಅವಳಿಗೆ ಸಿಟ್ಟು, ಅದು ಕಾಯಿಲೆಯವರ ಊಟ ಅನ್ನುತ್ತಿದ್ದಳು. ಅದಕ್ಕೇ ನಿನ್ನ ಹತ್ತಿರ ಗಟ್ಟಿ ಹಲ್ಲು ಕೇಳಿದ್ದು. ಹಲ್ಲು ಕೂರಲಿ ಅಂತ ಡಬ್ಬಿ ಕಾದೆ, ಸಂಜೆಯಾದರೆ ಅವಳ ಜೊತೆ ಮಾತಾಡಲು ಗೇಟಿಗೆ ಹೋದೆ. ಎರಡೂ ಅವಳೇ. ಒಂದನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಬಿಡಬೇಕು ಅಂತ ನೀನು ಹೇಳುತ್ತಿದ್ದೆ, ನಿನಗೆ ಗೊತ್ತಿಲ್ಲದೆ.

ಇನ್ನು ಅವನ್ನು ಇಟ್ಟು ಪ್ರಯೋಜನವಿಲ್ಲ, ಸ್ವಲ್ಪ ಮುಗ್ಗಲು ವಾಸನೆ ಬಂದಿದೆ. ನಿನ್ನ ಹಲ್ಲು ಗಟ್ಟಿ. ಚಿಕ್ಕವಳಿದ್ದಾಗಿನ ಹಾಗೆ ಒಂದು ಚೂರು ಬಾಯಿಗೆ ಹಾಕಿಕೊಂಡು ಕಡಿ, ರುಚಿ ಕೆಟ್ಟಿದ್ದರೆ ಉಗುಳಿಬಿಡು. ಸಂಜೆ ಹೊತ್ತು ನಿಮ್ಮ ವರಾಂಡದಲ್ಲಿ ಕೂತು ತಿಂದರೆ ಸದ್ದು ಈ ಕಡೆಗೆ ಕೇಳುತ್ತದೆ. ನಾನು ಗೇಟಿನ ಹತ್ತಿರ ಇರುತ್ತೇನೆ. ನನ್ನ ಕೈ ಕಡೆ ನೋಡಬೇಡ.